ಮಗುವಿಗೆ ಆಕಾಶ ತೋರಿಸಲು ಎಷ್ಟು ಖರ್ಚು?

2023ರ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಚಂದ್ರಯಾನ–3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. ದೇಶದ 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಬರುವುದು 4 ರೂಪಾಯಿ 40 ಪೈಸೆ. ಅಪ್ಪ, ಅಮ್ಮ, ಅಜ್ಜಿ, ಒಂದು ಮಗು ಇರುವ ಮನೆಯ ಪಾಲು 18 ರೂಪಾಯಿಯನ್ನೂ ಮುಟ್ಟುವುದಿಲ್ಲ. ಇಷ್ಟು ಕೊಟ್ಟು ನಾವೆಲ್ಲ ಸೇರಿ ಸರಾಸರಿ 3,84,400 ಕಿಲೋಮೀಟರ್ ಆಚೆ ಇರುವ ಚಂದ್ರನ ಮೇಲೆ ಒಂದು ಯಂತ್ರವನ್ನು ಮೆಲ್ಲಗೆ ಇಳಿಸಿದ್ದೇವೆ. ಹಾಗಾದರೆ ಆ ಮನೆಯ ಮಗುವನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಅದೇ ಚಂದ್ರನನ್ನು ಐದು ನಿಮಿಷ ಸಮಾಧಾನವಾಗಿ ತೋರಿಸಲು ಎಷ್ಟು ಬೇಕು?

ಈ ಪ್ರಶ್ನೆ ನನಗೆ ಬರುವುದು ಬೇರೆ ರೂಪದಲ್ಲಿ. ಮಕ್ಕಳ ಹುಟ್ಟುಹಬ್ಬ ಹತ್ತಿರವಾದಾಗ ಪರಿಚಯದವರು ಫೋನ್ ಮಾಡುತ್ತಾರೆ: “ಮಗೂಗೆ ಟೆಲಿಸ್ಕೋಪ್ ಕೊಡಿಸ್ಬೇಕು ಅಂತಿದೀವಿ ಸಾರ್, ಯಾವುದು ತಗೊಳ್ಳೋದು, ಎಷ್ಟಾಗುತ್ತೆ?” ಕೇಳುವವರ ಆಸೆ ನಿಜವಾದದ್ದು, ಒಳ್ಳೆಯದು. ಆದರೆ ಲೆಕ್ಕವನ್ನು ಅವರು ಕೊನೆಯಿಂದ ಶುರು ಮಾಡಿರುತ್ತಾರೆ. ಮಗುವಿಗೆ ಆಕಾಶ ತೋರಿಸುವ ಮನೆ ಮೊದಲು ಎಣಿಸಬೇಕಾದದ್ದು ಸಂಜೆಗಳನ್ನು, ಆಮೇಲೆ ಕತ್ತಲೆಯನ್ನು, ರೂಪಾಯಿಯನ್ನು ಎಲ್ಲಕ್ಕಿಂತ ಕೊನೆಗೆ.

ಸಂಜೆಗಳ ಲೆಕ್ಕ ನೋಡಿ. ಕರ್ನಾಟಕದ ಬಹುಭಾಗದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡವನ್ನು ನಂಬಿ ಕಾರ್ಯಕ್ರಮ ಹಾಕಿಕೊಳ್ಳಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ. ಭರವಸೆಯಿಂದ ನೋಡಬಹುದಾದದ್ದು ನವೆಂಬರ್ 1ರಿಂದ ಮಾರ್ಚ್ 31ರವರೆಗಿನ 151 ರಾತ್ರಿ. ಅದರಲ್ಲಿ ಅರ್ಧದಷ್ಟು ದಿನ ಸಂಜೆಯಲ್ಲೇ ಚಂದ್ರ ಇರುತ್ತಾನೆ. ಮಂಕು ನಕ್ಷತ್ರಗಳು ಅವನ ಬೆಳಕಿನಲ್ಲಿ ಅಡಗುತ್ತವೆ. ಉಳಿದದ್ದು 75. ಮಾರನೇ ದಿನ ಶಾಲೆ ಇಲ್ಲದ ಶುಕ್ರವಾರ, ಶನಿವಾರದ ರಾತ್ರಿಗಳನ್ನಷ್ಟೇ ಹಿಡಿದರೆ 21. ಜ್ವರ, ನೆಂಟರು, ಮದುವೆ, ಆಗೀಗ ಬರುವ ಮೋಡ ಎಂದು ಕಾಲು ಭಾಗ ಕಳೆದರೆ ವರ್ಷಕ್ಕೆ 15. ಐದನೇ ವಯಸ್ಸಿನಿಂದ ಹತ್ತನೇ ವಯಸ್ಸಿನವರೆಗೆ ಆರು ಚಳಿಗಾಲ. ಅಂದರೆ ಇಡೀ ಬಾಲ್ಯಕ್ಕೆ ಸಿಗುವ ಒಳ್ಳೆಯ ಕತ್ತಲೆಯ ಸಂಜೆಗಳು 90.

ಒಂದೊಂದು ಸಂಜೆಯೂ ಪೂರ್ತಿ ನಮ್ಮದಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಪೂರ್ತಿ ಕತ್ತಲಾಗಲು ಇನ್ನೂ ಒಂದೂಕಾಲು ಗಂಟೆ. ಎಂಟೂವರೆಗೆ ಮಗುವಿನ ಕಣ್ಣು ಎಳೆಯಲು ಶುರುವಾಗುತ್ತದೆ. ನಡುವೆ ಸಿಗುವುದು 75 ನಿಮಿಷ. 90 ಸಂಜೆಗಳಿಗೆ ಗುಣಿಸಿದರೆ 112 ಗಂಟೆ ಚಿಲ್ಲರೆ. ಐದು ದಿನಕ್ಕೂ ಕಡಿಮೆ. ಟೆಲಿಸ್ಕೋಪಿನ ಬೆಲೆ ಕೇಳುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಈ 112 ಗಂಟೆಯನ್ನು. ಇದನ್ನು ಯಾವ ಅಂಗಡಿಯಲ್ಲೂ ಹೆಚ್ಚಿಗೆ ಕೊಳ್ಳಲಾಗದು.

ಚಂದ್ರನ ವಿಷಯದಲ್ಲಿ ಮಾತ್ರ ಲೆಕ್ಕ ಧಾರಾಳ. ಅವನಿಗೆ ಕತ್ತಲೆ ಬೇಡ, ಊರಾಚೆ ಹೋಗುವುದೂ ಬೇಡ. ಶುಕ್ಲ ಪಕ್ಷದ ತದಿಗೆಯಿಂದ ಹುಣ್ಣಿಮೆಯವರೆಗೆ 13 ಸಂಜೆ, ಐದು ತಿಂಗಳಿಗೆ 65. ಊಟಕ್ಕೆ ಮುಂಚೆ ಬಾಲ್ಕನಿಯಲ್ಲಿ ನಿಂತು ನೋಡಿದರೂ ಸಾಕು. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬುದನ್ನು ಮಗು ತಾನೇ ಕಂಡುಹಿಡಿಯಬಹುದು. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಏಳುತ್ತಾನೆ. ನಾಲ್ಕು ದಿನ ಕಳೆದು ಸಂಕಷ್ಟಿ ಬರುತ್ತದೆ; ನಾಲ್ಕು ಐವತ್ತಲಿ ಇನ್ನೂರು, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ತಡ. ಉಪವಾಸ ಹಿಡಿದ ಅಜ್ಜಿ ಒಂಬತ್ತು ಗಂಟೆಯ ಸುಮಾರಿಗೆ ಚಂದ್ರೋದಯಕ್ಕೆ ಕಾಯುವುದು ಈ ಲೆಕ್ಕದಿಂದಲೇ. ಕ್ಯಾಲೆಂಡರಿನಲ್ಲಿ ನಿಮಿಷದ ಸಮೇತ ಅಚ್ಚಾಗಿರುವ ಆ ಸಮಯಕ್ಕೆ ಮಗುವನ್ನೂ ಅಜ್ಜಿಯ ಜೊತೆ ನಿಲ್ಲಿಸಿ. ಯುಗಾದಿಯ ಸಂಜೆಯೋ ಮಾರನೇ ದಿನವೋ ಪಡುವಣದಲ್ಲಿ ಎಳೆ ಚಂದ್ರನನ್ನು ಹುಡುಕಿ ಕೈಮುಗಿಯುವ ರೂಢಿ ನಮ್ಮಲ್ಲಿದೆ. ಅಮಾವಾಸ್ಯೆಯ ಕ್ಷಣದಿಂದ ಹದಿನೈದು, ಇಪ್ಪತ್ತು ಗಂಟೆಯಾದರೂ ಕಳೆಯದೆ ಆ ಗೆರೆ ಬರಿಗಣ್ಣಿಗೆ ಸಿಗುವುದು ಕಷ್ಟ. ಕೆಲವು ವರ್ಷ ಹಬ್ಬದ ದಿನವೇ ಕಾಣುತ್ತದೆ, ಕೆಲವು ವರ್ಷ ಮಾರನೇ ದಿನ ಏಕೆ ಎಂಬುದಕ್ಕೆ ಇದೇ ಉತ್ತರ. ಎಳೆಯ ಕಣ್ಣುಗಳು ದೊಡ್ಡವರಿಗಿಂತ ಮುಂಚೆ ಅದನ್ನು ಹಿಡಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಕತ್ತಲೆ. ಬರಿಗಣ್ಣಿಗೆ ಕಾಣಬಲ್ಲ ನಕ್ಷತ್ರಗಳು ಇಡೀ ಆಕಾಶದಲ್ಲಿ ಹೆಚ್ಚುಕಡಿಮೆ 6,000. ಅರ್ಧ ಯಾವಾಗಲೂ ನೆಲದ ಕೆಳಗಿರುತ್ತವೆ. ದಿಗಂತದ ಮಬ್ಬಿನಲ್ಲಿ ಇನ್ನಷ್ಟು ಹೋಗುತ್ತವೆ. ಒಳ್ಳೆಯ ಹಳ್ಳಿಯ ಕತ್ತಲೆಯಲ್ಲಿ ಒಮ್ಮೆಗೆ ಕಾಣುವುದು 2,500ರ ಆಸುಪಾಸು. ಮೂರನೇ ಕಾಂತಿಮಾನಕ್ಕಿಂತ ಪ್ರಕಾಶವಾದ ನಕ್ಷತ್ರಗಳಾದರೋ ಇಡೀ ಆಕಾಶಕ್ಕೆ 170ರಷ್ಟೇ. ದೊಡ್ಡ ನಗರದ ಬೀದಿದೀಪಗಳ ನಡುವೆ ಉಳಿಯುವುದು ಇವು, ಅದರಲ್ಲೂ ಅರ್ಧ: 85. ಅದೇ ಆಕಾಶದ ಕೆಳಗೆ ಹಳ್ಳಿಯ ಮಗುವಿಗೆ 2,500, ನಗರದ ಮಗುವಿಗೆ 85. ಇದು ದೊಡ್ಡ ಅನ್ಯಾಯ, ಅದನ್ನು ನಾವೇ ಮಾಡಿದ್ದೇವೆ. ಆದರೂ ಪಾಠ ಶುರು ಮಾಡಲು ನಗರದ ಟೆರೇಸು ಕೆಟ್ಟ ಜಾಗವಲ್ಲ. ಕಾಣುವ ಎಂಬತ್ತೈದರಲ್ಲಿ ಹೆಸರು ಕಲಿಯಬೇಕಾದ ಮುಖ್ಯ ನಕ್ಷತ್ರಗಳೆಲ್ಲ ಇವೆ. ಸಂದಣಿ ಇಲ್ಲದ್ದರಿಂದ ಮಗು ಗೊಂದಲಪಡದೆ ಗುರುತು ಹಿಡಿಯುತ್ತದೆ.

ಕತ್ತಲೆಗೆ ಹೋಗಿ ಬರುವ ಖರ್ಚೂ ಇದೆ. ನಗರದಿಂದ 100 ಕಿಲೋಮೀಟರ್ ಆಚೆ ಹೋಗಿ ಬಂದರೆ 200 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಾದರೆ ಹದಿಮೂರು ಲೀಟರ್ ಚಿಲ್ಲರೆ ಪೆಟ್ರೋಲು, ಸುಮಾರು 1,400 ರೂಪಾಯಿ. ವರ್ಷಕ್ಕೆ ಎರಡು ಸಲ ಈ ಖರ್ಚು ಮಾಡಿದರೆ ಅದು ಸಾರ್ಥಕ ಖರ್ಚು. ಊರಿನಲ್ಲಿ ಅಜ್ಜಿಯ ಮನೆ ಇರುವವರಿಗೆ ಅದೂ ಇಲ್ಲ, ಹೇಗೂ ಹಬ್ಬಕ್ಕೆ ಹೋಗುತ್ತಾರೆ. ದೀಪಾವಳಿ ಯಾವಾಗಲೂ ಅಮಾವಾಸ್ಯೆಯ ಹಬ್ಬ. ಪಟಾಕಿ ಹೊಗೆ ಕರಗಿದ ಮೇಲೆ, ಬಲಿಪಾಡ್ಯಮಿಯ ಮಾರನೇ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿದರೆ ಪೂರ್ವದಲ್ಲಿ ಕೃತ್ತಿಕೆ ಮೇಲೇರುತ್ತಿರುತ್ತದೆ.

ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ರಾತ್ರಿ ಶಿವರಾತ್ರಿ. ಮಾಘ ಬಹುಳ ಚತುರ್ದಶಿಯಾದ್ದರಿಂದ ಚಂದ್ರ ಬೆಳಗಿನ ಜಾವದವರೆಗೆ ಬರುವುದಿಲ್ಲ. ಮೋಡ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಎಚ್ಚರವಾಗಿರಲು ಮನೆಯವರೇ ಒಪ್ಪುವ ಏಕೈಕ ರಾತ್ರಿ ಅದು. ಎಂಟು ಗಂಟೆಗೆ ನೆತ್ತಿಯ ಹತ್ತಿರ ಮಹಾವ್ಯಾಧ, ಅದರ ಕೆಳಗೆ ಲುಬ್ಧಕ, ದಕ್ಷಿಣದಲ್ಲಿ ಅಗಸ್ತ್ಯ. ಹತ್ತು ಗಂಟೆಯ ಹೊತ್ತಿಗೆ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತದೆ, ಪೂರ್ವದಲ್ಲಿ ಸ್ವಾತಿ ಏಳುತ್ತಿರುತ್ತದೆ. ಒಂದು ಗಂಟೆ ದಾಟಿದ ಮೇಲೆ ಆಗ್ನೇಯದಲ್ಲಿ ವೃಶ್ಚಿಕದ ಕೆಂಪು ಜ್ಯೇಷ್ಠಾ. ಆರು ತಿಂಗಳ ಸಂಜೆಗಳಲ್ಲಿ ಹಂಚಿಹೋಗಿರುವ ಆಕಾಶವೆಲ್ಲ ಒಂದೇ ಜಾಗರಣೆಯಲ್ಲಿ ಸರಿದುಹೋಗುತ್ತದೆ.

ಕತ್ತಲೆಗೆ ಹೋದಮೇಲೆ ಅದನ್ನು ಕೆಡಿಸಿಕೊಳ್ಳಬಾರದು. ಕಣ್ಣು ಪೂರ್ತಿ ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಮೊಬೈಲಿನ ಬೆಳಕು ಅದನ್ನು ಒಂದು ಕ್ಷಣದಲ್ಲಿ ಅಳಿಸುತ್ತದೆ. ಇರುವ 75 ನಿಮಿಷದಲ್ಲಿ ಒಂದು ವಾಟ್ಸಾಪ್ ನೋಡಿದರೆ 25 ನಿಮಿಷ ಹೋಯಿತು. ಟಾರ್ಚಿಗೆ ಕಟ್ಟಲು ಸ್ಟೇಷನರಿ ಅಂಗಡಿಯ ಕೆಂಪು ಬಣ್ಣದ ಪಾರದರ್ಶಕ ಹಾಳೆ ಸಾಕು, ಹತ್ತಿಪ್ಪತ್ತು ರೂಪಾಯಿ. ಈ ಹವ್ಯಾಸದಲ್ಲಿ ಇಷ್ಟು ಕಡಿಮೆಗೆ ಇಷ್ಟು ಉಪಯೋಗ ಕೊಡುವ ವಸ್ತು ಇನ್ನೊಂದಿಲ್ಲ.

ನಕ್ಷತ್ರಗಳ ನಕ್ಷೆ ಬೇಕಲ್ಲ ಎನ್ನುವವರಿಗೆ: ಅದು ಮನೆಯ ಗೋಡೆಯ ಮೇಲೇ ಇದೆ. ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಆ ದಿನದ ನಕ್ಷತ್ರದ ಹೆಸರಿರುತ್ತದೆ. ಚಂದ್ರ ಆಕಾಶವನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುವುದು 27.3 ದಿನ, ಹಾದಿಯನ್ನು 27 ಭಾಗ ಮಾಡಿದ್ದಾರೆ, ದಿನಕ್ಕೆ ಒಂದು ಮನೆ, ಒಂದೊಂದೂ 13 ಡಿಗ್ರಿ 20 ಕಲೆ. ‘ರೋಹಿಣಿ’ ಎಂದು ಬರೆದ ಸಂಜೆ ಚಂದ್ರನ ಪಕ್ಕದಲ್ಲಿ ಕಿತ್ತಳೆ ಬಣ್ಣದ ನಕ್ಷತ್ರ ಕಂಡರೆ ಅದೇ ರೋಹಿಣಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದು, ತೋಳೂ ಚಿಕ್ಕದು, ಹಾಗಾಗಿ ಅಳತೆ ಅದೇ ಬರುತ್ತದೆ. ಒಂದೂವರೆ ಮುಷ್ಟಿಯೊಳಗೆ ಹುಡುಕಲು ಹೇಳಿ. ಕೃತ್ತಿಕೆ, ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಈ ಐದೂ ಚಂದ್ರನ ಹಾದಿಗೆ ಹತ್ತಿರ, ಇವುಗಳಿಂದ ಶುರು ಮಾಡುವುದು ಸುಲಭ. ಅದೇ ಮುಷ್ಟಿಯಿಂದ ಧ್ರುವ ನಕ್ಷತ್ರದ ಎತ್ತರವನ್ನೂ ಅಳೆಯಬಹುದು. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ, ಬೀದರಿನಲ್ಲಿ 18ಕ್ಕೆ ಸಮೀಪ, ಎರಡೂ ಆಯಾ ಊರಿನ ಅಕ್ಷಾಂಶ. ಊರಿಂದ ಊರಿಗೆ ಹೋದಾಗ ಧ್ರುವ ಮೇಲೇರುವುದನ್ನು ಮಗು ಮುಷ್ಟಿಯಲ್ಲಿ ಕಂಡರೆ ಭೂಮಿ ಗುಂಡಗಿದೆ ಎಂಬುದನ್ನು ಪುಸ್ತಕ ನೋಡಿ ನಂಬಬೇಕಾಗಿಲ್ಲ.

ಹಳ್ಳಿಯಲ್ಲಿ ಬೆಳೆದ ಅಜ್ಜ, ಅಜ್ಜಿಯರ ಬಳಿ ಮಳೆ ನಕ್ಷತ್ರಗಳ ಲೆಕ್ಕವಿದೆ. ಸೂರ್ಯ ಅದೇ 27 ಮನೆಗಳನ್ನು ವರ್ಷದಲ್ಲಿ ದಾಟುತ್ತಾನೆ, ಒಂದೊಂದರಲ್ಲಿ 13 ದಿನ ಅಥವಾ 14 ದಿನ. ಜೂನ್ 22ರ ಆಸುಪಾಸಿಗೆ ಆರಿದ್ರಾ ಮಳೆ ಹಿಡಿಯುತ್ತದೆ ಎಂದರೆ ಸೂರ್ಯ ಆಗ ಆರಿದ್ರಾ ನಕ್ಷತ್ರದ ನೇರಕ್ಕಿದ್ದಾನೆ ಎಂದರ್ಥ. ಆ ದಿನಗಳಲ್ಲಿ ಆರಿದ್ರಾ ಕಾಣುವುದಿಲ್ಲ, ಹಗಲಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಜನವರಿಯ ಸಂಜೆ ಮಹಾವ್ಯಾಧನ ಭುಜದಲ್ಲಿ ನೋಡಬೇಕು. ಬಿತ್ತನೆಯ ಲೆಕ್ಕವೂ ಆಕಾಶದ ಲೆಕ್ಕವೂ ಒಂದೇ ಎಂದು ಮೊಮ್ಮಗುವಿಗೆ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.

ಶನಿಯ ವಿಷಯಕ್ಕೂ ಒಂದು ಮಾತು. ಶನಿ ಸೂರ್ಯನನ್ನು ಸುತ್ತಲು 29.5 ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಮನೆಗಳಲ್ಲಿ ಹೆದರಿಕೆಯಿಂದ ಆಡುವ ಏಳೂವರೆ ಶನಿಯ ಹಿಂದಿರುವುದು ಈ ಸರಳ ಭಾಗಾಕಾರ. ಮಗುವಿಗೆ ಮೊದಲು ಈ ಭಾಗಾಕಾರ ಗೊತ್ತಾಗಲಿ, ಆಮೇಲೆ ಉಂಗುರ ತೋರಿಸಿ. ಹೆದರಿಕೆಗೆ ಜಾಗವಿರುವುದಿಲ್ಲ.

ದೂರದ ಅಂಕಿಗಳನ್ನು ಮಗುವಿಗೆ ಹೇಗೆ ಮುಟ್ಟಿಸುವುದು? ಕೋಟಿ ಕಿಲೋಮೀಟರ್ ಎಂದರೆ ನಮಗೇ ಅಂದಾಜು ಸಿಗುವುದಿಲ್ಲ. ಅಡುಗೆಮನೆಯಿಂದ ಎರಡು ಮಿಲಿಮೀಟರಿನ ಒಂದು ಸಾಸಿವೆ ಕಾಳು ತೆಗೆದುಕೊಳ್ಳಿ, ಅದು ಭೂಮಿ. ಆಗ ಸೂರ್ಯ 22 ಸೆಂಟಿಮೀಟರ್, ಸರಿಯಾಗಿ ದೊಡ್ಡವರ ಫುಟ್‌ಬಾಲು. ಎರಡರ ನಡುವೆ ಇಡಬೇಕಾದ ಅಂತರ ಇಪ್ಪತ್ಮೂರೂವರೆ ಮೀಟರ್. ಚಂದ್ರ ಅರ್ಧ ಮಿಲಿಮೀಟರಿನ ಚುಕ್ಕೆ, ಸಾಸಿವೆಯಿಂದ ಆರು ಸೆಂಟಿಮೀಟರ್ ದೂರ. ಮನುಷ್ಯ ಇಲ್ಲಿಯವರೆಗೆ ಹೋಗಿ ಬಂದಿರುವುದು ಇಷ್ಟೇ. ಗುರು ಎರಡು ಸೆಂಟಿಮೀಟರ್ ಚಿಲ್ಲರೆ, ಫುಟ್‌ಬಾಲಿನಿಂದ 122 ಮೀಟರ್. ನೆಪ್ಚೂನ್ 700 ಮೀಟರ್, ಹತ್ತು ನಿಮಿಷದ ನಡಿಗೆ. ಇಲ್ಲಿಗೆ ಗ್ರಹಗಳು ಮುಗಿದವು. ಮುಂದಿನ ಅತಿ ಹತ್ತಿರದ ನಕ್ಷತ್ರವನ್ನು ಎಲ್ಲಿಡಬೇಕು ಎಂದು ಮಗು ಕೇಳೇ ಕೇಳುತ್ತದೆ. ಇದೇ ಅಳತೆಯಲ್ಲಿ 6,300 ಕಿಲೋಮೀಟರ್: ಫುಟ್‌ಬಾಲು ಬೆಂಗಳೂರಿನಲ್ಲಿದ್ದರೆ ಆ ನಕ್ಷತ್ರ ಜಪಾನಿನ ಒಸಾಕಾದಲ್ಲಿ. ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. ಈ ಆಟಕ್ಕೆ ಖರ್ಚು ಒಂದು ಸಾಸಿವೆ ಕಾಳು, ಒಂದು ಭಾನುವಾರದ ಬೆಳಿಗ್ಗೆ.

ವಯಸ್ಸಿನ ಆಟ ಇನ್ನೂ ಚೆಂದ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಚಂದ್ರನಿಂದ ಬರಲು 1.3 ಸೆಕೆಂಡ್, ಸೂರ್ಯನಿಂದ 8 ನಿಮಿಷ 20 ಸೆಕೆಂಡ್. ಲುಬ್ಧಕದಿಂದ 8.6 ವರ್ಷ. ಫೆಬ್ರವರಿಯ ಒಂದು ಸಂಜೆ ಎಂಟು ಗಂಟೆಗೆ ಎಂಟೂವರೆ ವರ್ಷದ ಮೊಮ್ಮಗಳನ್ನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ಲುಬ್ಧಕ ತೋರಿಸಿದೆ. “ಇದರ ಬೆಳಕು ನೀನು ಹುಟ್ಟೋ ಹೊತ್ತಿಗೆ ಅಲ್ಲಿಂದ ಹೊರಟದ್ದು. ಇವತ್ತು ಬಂದು ಮುಟ್ಟಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಮ್ಮಂದು ಯಾವುದು ತಾತ?” ಅಮ್ಮನಿಗೆ ಮೂವತ್ತನಾಲ್ಕು, ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಹೆಚ್ಚು ಹೊಳೆಯುವ ಪೋಲಕ್ಸ್ 34 ಜ್ಯೋತಿರ್ವರ್ಷ ದೂರ. ಅಪ್ಪನಿಗೆ ನಲವತ್ಮೂರು, ಬ್ರಹ್ಮಹೃದಯ 43. ಅಜ್ಜಿಗೆ ಅರವತ್ತೈದು, ರೋಹಿಣಿ 65. ಊರಲ್ಲಿರುವ ದೊಡ್ಡ ತಾತನಿಗೆ ಎಪ್ಪತ್ತೊಂಬತ್ತು. ಪೂರ್ವದಲ್ಲಿ ಆಗತಾನೆ ಮೇಲೆ ಬಂದಿದ್ದ ಮಘಾ ಸರಿಯಾಗಿ 79. ಐದು ಜನ, ಐದು ನಕ್ಷತ್ರ, ಎಲ್ಲವೂ ಒಂದೇ ಆಕಾಶದಲ್ಲಿ, ನಗರದ ಬೆಳಕಿನಲ್ಲೂ ಕಾಣುವಷ್ಟು ಪ್ರಕಾಶವಾಗಿ. ಅವಳು ಕೆಳಗೆ ಓಡಿ ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಮೊಣಕಾಲು ನೋವಿನಿಂದ ವರ್ಷವಾದರೂ ಟೆರೇಸು ಕಂಡಿರದ ಅಜ್ಜಿ ಅಂದು ತನ್ನ ವಯಸ್ಸಿನ ಬೆಳಕನ್ನು ನೋಡಿದಳು. ಬೇರೆ ಕಾಲದಲ್ಲಿ ಬೇರೆ ವಯಸ್ಸಿನವರಿಗೆ: ಶ್ರವಣ 17, ಅಭಿಜಿತ್ 25, ಸ್ವಾತಿ 37. ನಾಲ್ಕು ದಾಟಿದ ಮಗುವಿಗೆ ಮೇ ತಿಂಗಳ ರಾತ್ರಿ ದಕ್ಷಿಣ ದಿಗಂತದ ಮೇಲೆ ಆಲ್ಫಾ ಸೆಂಟಾರಿ, 4.4 ಜ್ಯೋತಿರ್ವರ್ಷ. ನಿಮ್ಮ ಮನೆಯ ಪಟ್ಟಿಯನ್ನು ನೀವೇ ಮಾಡಿ.

ಈಗ ರೂಪಾಯಿಗೆ ಬರೋಣ. ಇಲ್ಲಿ ಹೇಳುವ ಬೆಲೆಗಳು ಅಂದಾಜಿನವು. ಅಂಗಡಿ, ವರ್ಷ, ತಯಾರಕರನ್ನು ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತವೆ.

ಎರಡು, ಮೂರು ಸಾವಿರದ ಆಟಿಕೆ ಟೆಲಿಸ್ಕೋಪನ್ನು ದಯವಿಟ್ಟು ಕೊಳ್ಳಬೇಡಿ. ಡಬ್ಬಿಯ ಮೇಲೆ ನೂರಾರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಚ್ಚಾಗಿರುತ್ತದೆ. ಮಸೂರದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿದರೆ ಬರುವುದೇ ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ. 50 ಮಿಲಿಮೀಟರಿಗೆ 100 ಪಟ್ಟು, ಅದೂ ಮಸೂರ ಒಳ್ಳೆಯದಿದ್ದರೆ. ಅದಕ್ಕಿಂತ ಹೆಚ್ಚು ಎಳೆದರೆ ಮಂಕು ಉಂಡೆ ಕಾಣುತ್ತದೆ. ಸ್ಟ್ಯಾಂಡಿನ ಸಮಸ್ಯೆ ಇನ್ನೂ ದೊಡ್ಡದು: 70 ಪಟ್ಟು ವರ್ಧನೆಯಲ್ಲಿ ಸ್ಟ್ಯಾಂಡಿನ ನಡುಕವೂ 70 ಪಟ್ಟು. ಮಗು ಮುಟ್ಟಿದ ಕೂಡಲೇ ಚಂದ್ರ ಕುಣಿಯುತ್ತಾನೆ, ಎರಡು ರಾತ್ರಿ ನೋಡಿ ಮೂರನೇ ರಾತ್ರಿ ಅದು ಅಟ್ಟ ಸೇರುತ್ತದೆ. ಹೋಗುವುದು ಮೂರು ಸಾವಿರ ರೂಪಾಯಿಯಷ್ಟೇ ಅಲ್ಲ, ಆಕಾಶದಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದೆ.

ಮೊದಲ ಉಪಕರಣ ಬೈನಾಕ್ಯುಲರ್ ಆಗಲಿ. ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆ 7 ಮಿಲಿಮೀಟರ್. 10×50 ಬೈನಾಕ್ಯುಲರಿನ ಮಸೂರ 50 ಮಿಲಿಮೀಟರ್. ಬೆಳಕು ಹಿಡಿಯುವ ಶಕ್ತಿ ವಿಸ್ತೀರ್ಣಕ್ಕೆ ತಕ್ಕಂತೆ. ಅಂದರೆ 51 ಪಟ್ಟು. ಬೆಲೆ ಐದರಿಂದ ಎಂಟು ಸಾವಿರ. ಬರಿಗಣ್ಣಿಗೆ ಆರೇಳು ನಕ್ಷತ್ರವಾಗಿ ಕಾಣುವ ಕೃತ್ತಿಕೆ ಇದರಲ್ಲಿ ಹತ್ತಾರು ನಕ್ಷತ್ರಗಳ ಗುಂಪಾಗುತ್ತದೆ. ಗೆಲಿಲಿಯೊ 1610ರ ಜನವರಿ 7ರಂದು 20 ಪಟ್ಟಿನ ದುರ್ಬೀನಿನಲ್ಲಿ ಗುರುವಿನ ಪಕ್ಕ ಮೊದಲು ಕಂಡ ಉಪಗ್ರಹಗಳು, ಅಲುಗದಂತೆ ಊರಿಟ್ಟ ಬೈನಾಕ್ಯುಲರಿನಲ್ಲಿ ಸಾಲಾಗಿ ನಿಂತ ಚುಕ್ಕೆಗಳಾಗಿ ಸಿಗುತ್ತವೆ. 25 ಲಕ್ಷ ಜ್ಯೋತಿರ್ವರ್ಷ ಆಚೆಯ ಆಂಡ್ರೊಮಿಡಾ ಗ್ಯಾಲಕ್ಸಿ ಹಳ್ಳಿಯ ಕತ್ತಲಲ್ಲಿ ಹೊಗೆಯ ತುಣುಕಾಗಿ ತೋರುತ್ತದೆ.

ಕೊಳ್ಳುವ ಮುಂಚೆ ಎರಡು ಅಳತೆ ನೋಡಿ. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸುಮಾರು 63 ಮಿಲಿಮೀಟರ್; ಐದು ವರ್ಷದ ಮಗುವಿಗೆ 50ರ ಆಸುಪಾಸು. ಬಹಳಷ್ಟು ಬೈನಾಕ್ಯುಲರ್‌ಗಳನ್ನು 56ಕ್ಕಿಂತ ಕಿರಿದಾಗಿ ಮಡಚಲು ಬರುವುದಿಲ್ಲ. ಮಗು “ಏನೂ ಕಾಣಲ್ಲ” ಎನ್ನುವುದು ಹಟದಿಂದಲ್ಲ, ಅದರ ಎರಡು ಕಣ್ಣು ಎರಡು ಕೊಳವೆಗೆ ಕೂಡುತ್ತಿಲ್ಲ. ಆಗ ಒಂದು ಕೊಳವೆಯಿಂದ ಒಂದೇ ಕಣ್ಣಿನಲ್ಲಿ ನೋಡಲು ಕಲಿಸಿ. ತೂಕವೂ 800 ಗ್ರಾಮಿನಿಂದ ಒಂದು ಕಿಲೋವರೆಗೆ. ಕುರ್ಚಿಯ ಬೆನ್ನ ಮೇಲೋ ಟೆರೇಸಿನ ಮೋಟುಗೋಡೆಯ ಮೇಲೋ ದಿಂಬಿಟ್ಟು ಊರಿ. ಹಗಲಲ್ಲಿ ಇದನ್ನು ಮಗುವಿನ ಕೈಗೆ ಒಂಟಿಯಾಗಿ ಕೊಡಲೇಬೇಡಿ. ಮಸೂರ ಒಟ್ಟುಗೂಡಿಸಿದ ಸೂರ್ಯನ ಬೆಳಕು ಕಣ್ಣನ್ನು ಶಾಶ್ವತವಾಗಿ ಸುಡಲು ಒಂದು ಕ್ಷಣ ಸಾಕು.

ಟೆಲಿಸ್ಕೋಪು ಬೇಕೇ ಬೇಕೆಂದಾಗ, ಅದೂ ಮಗು ಏಳೆಂಟು ನಕ್ಷತ್ರಗಳನ್ನು ತಾನಾಗಿ ಗುರುತಿಸತೊಡಗಿದ ಮೇಲೆ, 114 ಅಥವಾ 130 ಮಿಲಿಮೀಟರ್ ಕನ್ನಡಿಯ ಮೇಜಿನ ಮೇಲಿಡುವ ಮಾದರಿ ಒಳ್ಳೆಯದು. ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ಆಗಬಹುದು. 130 ಮಿಲಿಮೀಟರಿಗೆ ಬೆಳಕು ಕಣ್ಣಿನ 345 ಪಟ್ಟು. ಶನಿಯ ಉಂಗುರ ಇದರಲ್ಲಿ ಸ್ಪಷ್ಟ. 2025ರಲ್ಲಿ ಉಂಗುರಗಳು ನಮಗೆ ಅಂಚು ತೋರಿಸಿ ಗೆರೆಯಾಗಿದ್ದವು. ಅಲ್ಲಿಂದ ವರ್ಷ ವರ್ಷ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಅತಿ ಅಗಲವಾಗಿ ಕಾಣುತ್ತವೆ. ಈಗಿನ ಪುಟ್ಟ ಮಕ್ಕಳು ಬೆಳೆಯುವುದೂ ಅವು ತೆರೆದುಕೊಳ್ಳುವುದೂ ಒಂದೇ ಕಾಲದಲ್ಲಿ. ಆದರೆ ಕಡಿಮೆ ವರ್ಧನೆಯಲ್ಲೇ ನೋಡಿ. 70 ಪಟ್ಟಿನ ಸಾಧಾರಣ ಐಪೀಸಿನಲ್ಲಿ ಕಾಣುವ ಆಕಾಶದ ಅಗಲ ಮುಕ್ಕಾಲು ಡಿಗ್ರಿಗೂ ಕಡಿಮೆ. ಭೂಮಿ ತಿರುಗುವುದರಿಂದ ಗ್ರಹ ಆ ಕಿಟಕಿಯನ್ನು ಮೂರು ನಿಮಿಷದಲ್ಲಿ ದಾಟಿಬಿಡುತ್ತದೆ. ಸ್ಟೂಲು ಹತ್ತಿ, ಒಂದು ಕಣ್ಣು ಮುಚ್ಚಿ, ಸರಿಯಾದ ಜಾಗಕ್ಕೆ ಕಣ್ಣಿಟ್ಟು “ಹಾಂ, ಕಾಣ್ತು!” ಎನ್ನಲು ಮಗುವಿಗೆ ಮುಕ್ಕಾಲು ನಿಮಿಷ ಬೇಕು. ಒಮ್ಮೆ ಗುರಿ ಹಿಡಿದರೆ ನಾಲ್ಕು ಮಕ್ಕಳು ನೋಡಬಹುದು, ಆಮೇಲೆ ಮತ್ತೆ ಹಿಡಿಯಬೇಕು. 140 ಪಟ್ಟಿಗೆ ಏರಿಸಿದರೆ ಇಬ್ಬರಷ್ಟೇ. ಓಣಿಯ ಮಕ್ಕಳೆಲ್ಲ ಸಾಲಾಗಿ ನಿಂತಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಭಾಗಾಕಾರ. 25,000ದ ಟೆಲಿಸ್ಕೋಪನ್ನು 90 ಸಂಜೆಯೂ ಬಳಸಿದರೆ ಸಂಜೆಗೆ 278 ರೂಪಾಯಿ. ಮೂರೇ ಸಲ ಬಳಸಿದರೆ ಸಂಜೆಗೆ 8,333. ಆರು ಸಾವಿರದ ಬೈನಾಕ್ಯುಲರು 90 ಸಂಜೆಗೆ ಹಂಚಿದರೆ 67 ರೂಪಾಯಿ. ವಸ್ತುವನ್ನು ಅಗ್ಗ ಮಾಡುವುದು ಅಂಗಡಿಯ ರಿಯಾಯಿತಿಗಿಂತ ಹೆಚ್ಚಾಗಿ ಅಪ್ಪ, ಅಮ್ಮ ಅದನ್ನು ಎಷ್ಟು ಸಲ ಹೊರಗೆ ತಂದರು ಎಂಬುದು.

ಸ್ವಂತದ್ದು ಬೇಡ ಎನ್ನುವವರಿಗೂ ದಾರಿಗಳಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಆರಂಭವಾದದ್ದು, ಗುಮ್ಮಟದ ವ್ಯಾಸ 15 ಮೀಟರ್. ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರದ್ದು, 18 ಮೀಟರ್. ನಗರದ ಮಗುವಿನ 85 ನಕ್ಷತ್ರ ಅಲ್ಲಿ ಕುಳಿತಲ್ಲೇ ಸಾವಿರಾರು ಆಗುತ್ತವೆ. ಉಡುಪಿಯ ಪೂರ್ಣಪ್ರಜ್ಞ ಹವ್ಯಾಸಿ ಖಗೋಳ ವೀಕ್ಷಕರ ಸಂಘದಂಥ ಗುಂಪುಗಳು ಟೆಲಿಸ್ಕೋಪುಗಳನ್ನು ಜನರ ನಡುವೆ ತಂದಿಡುತ್ತವೆ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2.34 ಮೀಟರ್ ದೂರದರ್ಶಕವಿದೆ. ಬೆಳಕು ಹಿಡಿಯುವುದರಲ್ಲಿ ಅದು ನಮ್ಮ ಕಣ್ಣಿನ 1 ಲಕ್ಷ 11 ಸಾವಿರ ಪಟ್ಟು. ಪುಸ್ತಕ ಬೇಕಾದರೆ ಜಿ.ಟಿ. ನಾರಾಯಣರಾವ್ ಅವರ ‘ನೋಡೋಣು ಬಾರಾ ನಕ್ಷತ್ರ’ ಹುಡುಕಿ. ಕನ್ನಡದಲ್ಲಿ ಆಕಾಶ ತೋರಿಸಿದವರಲ್ಲಿ ಅವರ ಜಾಗ ದೊಡ್ಡದು.

ರಾತ್ರಿ ಎಚ್ಚರವಿರಲಾರದ ತೀರ ಪುಟ್ಟ ಮಕ್ಕಳಿಗೆ ಹಗಲಿನ ಆಕಾಶವಿದೆ. ಬೆಂಗಳೂರು, ಮಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿಗೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲಿನ ಆ ಕ್ಷಣ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ. ಲೋಟ, ಡಬ್ಬಿ, ಪೆನ್ನು ಏನನ್ನಾದರೂ ನಿಲ್ಲಿಸಲು ಮಗುವಿಗೆ ಬಿಡಿ. ಸೂರ್ಯನ ಬಿಂಬವನ್ನೂ ಪುಕ್ಕಟೆ ನೋಡಬಹುದು. ಪುಟ್ಟ ಕನ್ನಡಿಗೆ ಕಾಗದ ಅಂಟಿಸಿ ಅರ್ಧ ಸೆಂಟಿಮೀಟರಿನ ತೂತು ಬಿಡಿ, ಬಿಸಿಲಿನಲ್ಲಿಟ್ಟು ಹತ್ತು ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಬೆಳಕು ಹಾಯಿಸಿ. ಒಂಬತ್ತು ಸೆಂಟಿಮೀಟರಿನ ಗುಂಡನೆಯ ಸೂರ್ಯ ಗೋಡೆಯ ಮೇಲೆ ಬರುತ್ತಾನೆ. ಎಲ್ಲರೂ ಗೋಡೆಯನ್ನು ನೋಡಬೇಕು, ಕನ್ನಡಿಯನ್ನಲ್ಲ.

ಮುಂದಿನ ವರ್ಷಗಳಿಗೆ ಎರಡು ದಿನಾಂಕ ಬರೆದಿಟ್ಟುಕೊಳ್ಳಿ. 2031ರ ಮೇ 21ರಂದು ಕಂಕಣ ಸೂರ್ಯಗ್ರಹಣ ಕೇರಳ, ತಮಿಳುನಾಡಿನ ಮೇಲೆ ಹಾಯುತ್ತದೆ, ನಮ್ಮಲ್ಲಿ ಪಾರ್ಶ್ವ ಗ್ರಹಣ. ಅದಕ್ಕೆ ಗ್ರಹಣದ ಕನ್ನಡಕ ಕಡ್ಡಾಯ. ಅದಕ್ಕೂ ಮುಂಚೆ ಬರುವುದು 2028ರ ಡಿಸೆಂಬರ್ 31. ಅಂದು ರಾತ್ರಿ ಎಂಟೂಮುಕ್ಕಾಲಿನ ಹೊತ್ತಿಗೆ ಭೂಮಿಯ ನೆರಳು ಹುಣ್ಣಿಮೆಯ ಚಂದ್ರನನ್ನು ಕಚ್ಚತೊಡಗುತ್ತದೆ. ಒಂಬತ್ತೂಮುಕ್ಕಾಲಿನಿಂದ ಹನ್ನೊಂದರವರೆಗೆ, ಸುಮಾರು 70 ನಿಮಿಷ, ಪೂರ್ಣ ಗ್ರಹಣ. ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಕನ್ನಡಕ ಬೇಡ, ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ, ಟಿಕೆಟ್ ಇಲ್ಲ. ಊರೆಲ್ಲ ಹೊಸ ವರ್ಷಕ್ಕಾಗಿ ಹೇಗೂ ಎಚ್ಚರವಿರುವ ರಾತ್ರಿ ಅದು. ಮಕ್ಕಳಿಗೆ ಬೇಗ ಊಟ ಹಾಕಿ, ಸ್ವೆಟರ್ ತೊಡಿಸಿ, ಒಂಬತ್ತೂವರೆಗೆ ಟೆರೇಸಿಗೆ ಕರೆದುಕೊಂಡು ಬನ್ನಿ. ಪಕ್ಕದ ಮನೆಯ ಮಕ್ಕಳನ್ನೂ ಕರೆಯಿರಿ.